ನಮ್ಮ ಸರ್ ಮಾಡಿದ ಮೂವತ್ತು ವರ್ಷದ ತಪ್ಪು

ನಮ್ಮ ಸರ್ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಅಂಗೈಯಗಲ ಬಂದಿತ್ತು. ಅಷ್ಟರಲ್ಲೇ ಮೂರು ತಪ್ಪು. ಇತಿಹಾಸದ ಪ್ರಾಧ್ಯಾಪಕರು ಎಂದು ಬರೆದಿದ್ದರು, ಸರ್ ಗಣಿತದವರು. ಹುಟ್ಟಿದ್ದು ಬಬಲೇಶ್ವರದಲ್ಲಿ ಎಂದಿದ್ದರು. ಅವರು ನಿಡೋಣಿಯವರು, ಮತ್ತು ನಿಡೋಣಿಯವರನ್ನು ಬೇರೆ ಊರಿನವರು ಎಂದರೆ ಅವರು ಸುಮ್ಮನೆ ಬಿಡುವ ಪೈಕಿ ಅಲ್ಲ. 'ಹಲವಾರು ಗ್ರಂಥಗಳನ್ನು ರಚಿಸಿದ್ದರು' ಎಂದು ಬೇರೆ. ಬರೆದದ್ದು ಒಂದೇ ಪುಸ್ತಕ. ಆ ಪುಸ್ತಕದ ಕಥೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದನ್ನು ಕೆಡಿಸಿದವಳು ನಾನೇ. ಇಪ್ಪತ್ತು ವರ್ಷದ ಮೇಲಾಯಿತು, ಹಾಗೆಂದೇ ತಿಳಿದುಕೊಂಡು ಬದುಕಿದ್ದೆ.

ನಾನು ಈಗ ಟಿಕೋಟಾದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ದಿನಾ ಬೆಳಿಗ್ಗೆ ವಿಜಯಪುರದಿಂದ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬರುತ್ತೇನೆ. ಪಾಠ ಮಾಡುವಾಗ ಒಮ್ಮೊಮ್ಮೆ ನನಗೆ ಗೊತ್ತಿಲ್ಲದೆ ಸರ್ ಮಾತು ಬಾಯಿಂದ ಹೊರಗೆ ಬೀಳುತ್ತದೆ. ಯಾರಾದರೂ ಎದ್ದು, ಆ ಬುರುಜು ಇಷ್ಟು ಎತ್ತರ, ಈ ಗೋಡೆ ಇಷ್ಟು ಹಳೆಯದು ಎಂದರೆ ಸಾಕು, "ಎಲ್ಲಿ ನೋಡಿದಿ?" ಎಂದುಬಿಡುತ್ತೇನೆ. ಇದು ಸರ್ ಅವರ ಮೊದಲನೆಯ ಪ್ರಶ್ನೆ. "ಪುಸ್ತಕದಾಗ್ರಿ" ಎಂದು ನಾವು ಉತ್ತರ ಕೊಟ್ಟರೆ ಎರಡನೆಯದು ತಯಾರಿರುತ್ತಿತ್ತು: "ಪುಸ್ತಕ ಬರದಾಂವ ಎಲ್ಲಿ ನೋಡಿದ?" ಅಲ್ಲಿಗೆ ನಮ್ಮ ಬಾಯಿಗೆ ಬೀಗ. ಕಾಲೇಜಿನಲ್ಲಿ ಒಂದು ಚೇಷ್ಟೆಯ ಮಾತಿತ್ತು. ಸರ್‌ಗೆ ಮಗ ಹುಟ್ಟಿದ ಸುದ್ದಿಯನ್ನು ಸೂಲಗಿತ್ತಿ ಬಂದು ಹೇಳಿದಾಗಲೂ ಅವರು ಮೊದಲು ಕೇಳಿದ್ದು "ಎಲ್ಲಿ ನೋಡಿದಿ?" ಎಂದಂತೆ. ಈ ಮಾತು ಅವರ ಕಿವಿಗೂ ಬಿದ್ದಿತ್ತು. ಸಿಟ್ಟಿಗೇಳಲಿಲ್ಲ. ಹುಟ್ಟಿದ್ದು ಮಗಳು, ಆಸ್ಪತ್ರೆಯಲ್ಲಿ, ಸೂಲಗಿತ್ತಿ ಇರಲೇ ಇಲ್ಲ ಎಂದು ತಿದ್ದಿದರು, ಅಷ್ಟೇ.

ಉದ್ದಕ್ಕೆ, ಒಣಕಲು ದೇಹ. ಇಸ್ತ್ರಿ ಕಾಣದ ಅಂಗಿ. ಎಡ ಜೇಬಿನಲ್ಲಿ ದರ್ಜಿಯವರು ಇಟ್ಟುಕೊಳ್ಳುವ ಅಳತೆ ಟೇಪು, ಬಲ ಜೇಬಿನಲ್ಲಿ ಕತ್ತರಿಸಿದ ಹಳೆ ಕಾಗದದ ಚೀಟಿಗಳು. ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯಿಂದ ಮೂರು ಓಣಿ ಹಿಂದೆ ಅವರ ಮನೆ. ನಡೆಯುವಾಗ ಹೆಜ್ಜೆ ಎಣಿಸುತ್ತಿದ್ದರು. ತಮ್ಮ ಹೆಜ್ಜೆಯ ಉದ್ದ ಅವರಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತಿತ್ತು, ಅದರ ಮೇಲೆ ಊರನ್ನೆಲ್ಲ ಅಳೆದಿಟ್ಟಿದ್ದರು. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಉತ್ತರ ಕೊಡಲು ಹೋಗಿ ಎಣಿಕೆ ತಪ್ಪಬಾರದಲ್ಲ, ಅದಕ್ಕೆ ಒಂದು ಬೆರಳು ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದರು. ಮೊದಮೊದಲು ಜನ ಇದೇನು ಧಿಮಾಕು ಎಂದುಕೊಂಡರು. ಕಾರಣ ತಿಳಿದ ಮೇಲೆ ಪೇಟೆಯ ಅಂಗಡಿಯವರೆಲ್ಲ ಬಾಯಿ ಬಿಡದೆ ತಾವೂ ಒಂದೊಂದು ಬೆರಳು ಎತ್ತತೊಡಗಿದರು. ನಮ್ಮಪ್ಪ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತು, ಗಿರಾಕಿಗೆ ಬೆಲ್ಲ ತೂಗುತ್ತಲೇ ಇನ್ನೊಂದು ಕೈಯ ಬೆರಳು ಎತ್ತುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಗಣಿತದವರಿಗೆ ಇತಿಹಾಸದ ಉಸಾಬರಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಗೊಣಗುವವರಿದ್ದರು. ಸರ್ ಪ್ರಕಾರ ಅವೆರಡೂ ಒಂದೇ ಕೆಲಸ. ಇತಿಹಾಸದವನಿಗೆ ಲೆಕ್ಕ ಬರದಿದ್ದರೆ ಅಜ್ಜಿಯ ಕಥೆ ಬರೆಯುತ್ತಾನೆ, ಲೆಕ್ಕದವನಿಗೆ ಇತಿಹಾಸ ಬರದಿದ್ದರೆ ಉತ್ತರ ಬಂದ ಮೇಲೂ ಅದು ಯಾತರ ಉತ್ತರ ಎಂದು ಅವನಿಗೇ ತಿಳಿಯುವುದಿಲ್ಲ ಎನ್ನುತ್ತಿದ್ದರು. ಎರಡರ ಮನೆಯೂ ಕಾಲೇಜಿನ ಲೈಬ್ರರಿಯೇ. ಅವರ ತಾಸು ಬಿಡುವಿದ್ದರೆ ಸ್ಟಾಫ್ ರೂಮಿನಲ್ಲಿ ಹುಡುಕಬಾರದು, ಲೈಬ್ರರಿಯ ಕೊನೆಯ ಕಪಾಟಿನ ಸಂದಿಯಲ್ಲಿ ಹುಡುಕಬೇಕು. ಪುಸ್ತಕದಲ್ಲಿ ಕಂಡದ್ದನ್ನು ಚೀಟಿಗೆ ಇಳಿಸುವುದು, ಪುಟ ಬರೆಯುವುದು, ಚೀಟಿಯ ಬೆನ್ನಿಗೆ 'ನಾನು ಇದನ್ನು ಹೇಗೆ ಪರೀಕ್ಷಿಸಿದೆ' ಎಂದು ಬರೆಯುವುದು, ಇಷ್ಟನ್ನು ನಮಗೆ ರೊಟ್ಟಿ ಬಡಿಯಲು ಕಲಿಸಿದ ಹಾಗೆ ಕಲಿಸಿದರು. ಬೆನ್ನು ಖಾಲಿ ಇದ್ದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. ಉಗುಳು ಹಚ್ಚಿ ಹಾಳೆ ತಿರುವಿದರೆ ಕೈ ಮೇಲೆ ಅಡಿಪಟ್ಟಿ. ನನಗೂ ಬಿದ್ದಿದೆ.

ಶನಿವಾರ ಮಧ್ಯಾಹ್ನ ಯಾವ ವಿಷಯದವರಾದರೂ ಲೈಬ್ರರಿಗೆ ಬಂದು ಪ್ರಬಂಧ ಓದುವ ಪದ್ಧತಿ. ಒಬ್ಬರು ಓದಬೇಕು, ಉಳಿದವರು ತಪ್ಪು ಹಿಡಿಯಬೇಕು. ತಪ್ಪು ಹಿಡಿದವರಿಗೆ ಒಂದು ಶೇಂಗಾ ಉಂಡಿ. ಸರ್ ಹೆಂಡತಿ, ನಾವು ಸರ್ ಮನೆಯವರು ಎನ್ನುತ್ತಿದ್ದೆವು, ವಾರವೂ ಡಬ್ಬಿ ತುಂಬಿ ಕಳಿಸುತ್ತಿದ್ದರು. ತಪ್ಪು ಮಾಡಿದವರಿಗೂ ಅರ್ಧ ಉಂಡಿ ಸಿಗುತ್ತಿತ್ತು, ಯಾಕೆಂದರೆ ಅವರು ಕಷ್ಟಪಟ್ಟು ತಪ್ಪು ಮಾಡಿದ್ದಾರೆ ಎಂಬುದು ಸರ್ ನ್ಯಾಯ. ಗೈಡಿನಿಂದ ಕಾಪಿ ಹೊಡೆದು ತಂದವರಿಗೆ ಮಾತ್ರ ಏನೂ ಇಲ್ಲ, ಅದು ತಪ್ಪಿಲ್ಲದ ಪ್ರಬಂಧವಾಗಿದ್ದರೂ.

ನನ್ನ ಮೊದಲ ಪ್ರಬಂಧ ಕಾಖಂಡಕಿಯ ಒಂದು ಹಳೆಯ ಗುಡಿಯ ಮೇಲೆ. ಒಂದು ಪುಸ್ತಕದಲ್ಲಿ ಮೂವತ್ತಾರು ಕಂಬಗಳು ಎಂದಿತ್ತು, ಹಾಗೇ ಬರೆದೆ. ಸರ್ ಎರಡೂ ಪ್ರಶ್ನೆ ಕೇಳಿದರು, ನಾನು ತಲೆ ತಗ್ಗಿಸಿದೆ. ಮರುವಾರ ಗೆಳತಿಯೊಬ್ಬಳನ್ನು ಕರೆದುಕೊಂಡು ಬಸ್ಸಿನಲ್ಲಿ ಕಾಖಂಡಕಿಗೆ ಹೋಗಿ ಎಣಿಸಿದೆ. ಮೂವತ್ತೊಂದು ಆದವು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ನಮ್ಮನ್ನು ನೋಡಿ ನೋಡಿ, "ಕಂಬ ಎಣಸಾಕ ಬಿಜಾಪುರದಿಂದ ಬಂದೀರೇನಬೇ? ನಾವು ಇಲ್ಲೇ ಹುಟ್ಟಿ ಇಲ್ಲೇ ಮುದುಕ್ಯಾರಾಗೇವಿ, ಒಬ್ಬರೂ ಎಣಸಿಲ್ಲ" ಎಂದು ನಕ್ಕಳು. ಪುಸ್ತಕ ತಪ್ಪು ಎಂದು ನಾನು ಎದೆ ಉಬ್ಬಿಸಿಕೊಂಡು ಬಂದು ಹೇಳಿದರೆ ಸರ್ ಕುಣಿದಾಡಲಿಲ್ಲ. ಗೋಡೆಯೊಳಗೆ ಸೇರಿದ ಕಂಬ ಎಣಿಸಿದಿಯಾ ಎಂದರು. ಮತ್ತೆ ಹೋದೆ. ಮೂವತ್ತಮೂರು. ಮೂರನೆಯ ಸಲ ಸರ್ ತಾವೇ ಬಂದರು. ಪಲ್ಲಕ್ಕಿ ಇಡುವ ಕತ್ತಲ ಕೋಣೆಯ ಬೀಗ ತೆಗೆಸಿದರು. ಒಳಗೆ ಮೂರು ಕಂಬ. ಪುಸ್ತಕ ಸರಿಯಾಗಿಯೇ ಇತ್ತು. ನನಗೆ ಅಳು ಬರುವುದೊಂದು ಬಾಕಿ, ಇಷ್ಟಕ್ಕೆ ಮೂರು ಸಲ ಬಸ್ಸು ಹತ್ತಿ ಇಳಿದೆನಲ್ಲ ಎಂದು. ಸರ್ ಮಾತ್ರ ಬಲು ಖುಷಿಯಲ್ಲಿದ್ದರು. ಇಲ್ಲಿಯವರೆಗೆ ಅದು ಪುಸ್ತಕದ ಮಾತಾಗಿತ್ತು, ಇನ್ನು ಮೇಲೆ ನಿನ್ನ ಮಾತು, ಯಾರ ಮುಂದೆ ಬೇಕಾದರೂ ಹೇಳು ಎಂದರು.

ಅವರ ಪುಸ್ತಕ ಇಂಥ ಶನಿವಾರಗಳಿಂದಲೇ ಹುಟ್ಟಿದ್ದು. ವಿದ್ಯಾರ್ಥಿಗಳಿಗೆಂದು ಬರೆದ ಪ್ರಬಂಧಗಳು. ಒಂದಿಷ್ಟು ಇತಿಹಾಸ, ಒಂದಿಷ್ಟು ಗಣಿತ, ಕೊನೆಗೆ ಲೈಬ್ರರಿಯಲ್ಲಿ ಹುಡುಕುವುದು ಹೇಗೆ ಎಂಬ ಭಾಗ. ಹತ್ತಾರು ವರ್ಷ ಕೂತು ಬರೆದು, ಊರ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ನಿಡೋಣಿ, ಕಾಖಂಡಕಿ, ಬಬಲೇಶ್ವರ, ಟಿಕೋಟಾ ಎಂದು ಸುತ್ತಿನ ಶಾಲೆಗಳಿಗೆಲ್ಲ ತಾವೇ ಹೊತ್ತು ಮುಟ್ಟಿಸಿದ್ದರು. ಮೊದಲನೆಯ ಪ್ರಬಂಧದ ಹೆಸರು 'ಬರ ತೋಡಿಸಿದ ಬಾವಿ'. ಬಬಲೇಶ್ವರದ ಆಚೆ ಒಂದು ಹಳ್ಳಿಯಲ್ಲಿ ಎರಡು ಶಾಸನಗಳಿದ್ದವು. ಗುಡಿಯ ಮುಂದಿನ ಕಲ್ಲಿನಲ್ಲಿ, ಇಂಥ ಶಕವರ್ಷದಲ್ಲಿ ಬರ ಬಿದ್ದು ಜನ ಊರು ಬಿಟ್ಟರು ಎಂದು ಕನ್ನಡದಲ್ಲಿತ್ತು. ಬಾವಿಯ ಕಲ್ಲಿನಲ್ಲಿ ಅದನ್ನು ತೋಡಿಸಿದ ವರ್ಷ ಪಾರ್ಸಿ ಭಾಷೆಯಲ್ಲಿ ಇತ್ತು, ಮುಸಲ್ಮಾನರ ಹಿಜರಿ ಲೆಕ್ಕದಲ್ಲಿ. ಸರ್ ಎರಡನ್ನೂ ಇಸವಿಗೆ ತಿರುಗಿಸಿ ಪಕ್ಕಪಕ್ಕ ಇಟ್ಟರು. ಬರ ಬಿದ್ದ ಎರಡೇ ವರ್ಷಕ್ಕೆ ಬಾವಿ. ಹಸಿದ ಜನಕ್ಕೆ ಕೂಲಿ ಕೊಟ್ಟು ತೋಡಿಸಿದ ಬಾವಿ ಅದು, ಬಿಟ್ಟು ಹೋದವರನ್ನು ಊರಿಗೆ ಮರಳಿ ಕರೆದ ಬಾವಿ ಎಂದು ಅವರು ಬರೆದ ನಾಲ್ಕು ಪುಟವನ್ನು ಯಾರೂ ಒಂದೇ ಸಲ ಓದಿ ಬಿಡುತ್ತಿರಲಿಲ್ಲ. ನಾನು ಅದನ್ನು ಬಾಯಿಪಾಠ ಮಾಡಿದ್ದೆ.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಒಂದು ಸುದ್ದಿ ಬಂತು. ಸರ್ ಪುಸ್ತಕವನ್ನು ಎಲ್ಲ ಪದವಿ ಕಾಲೇಜುಗಳಿಗೂ ಪಠ್ಯ ಮಾಡುವ ವಿಚಾರವಿದೆ, ಅದನ್ನು ನೋಡಲು ಮೂವರ ಸಮಿತಿ ನಮ್ಮ ಕಾಲೇಜಿಗೇ ಬರುತ್ತದೆ ಎಂದು. ಸರ್ ಪ್ರಮೋಷನ್ನಿಗೆ ಅರ್ಜಿ ಹಾಕಿದವರಲ್ಲ, ಸನ್ಮಾನವೆಂದರೆ ಹಿಂದಿನ ಬಾಗಿಲಿನಿಂದ ಹೋಗುವವರು. ಆದರೆ ಇದೊಂದನ್ನು ಅವರು ಮನಸಾರೆ ಬಯಸಿದರು. ಹೊಸ ಅಂಗಿ ಹೊಲಿಸಿಕೊಂಡರು, ಅದಕ್ಕೆ ಇಸ್ತ್ರಿಯನ್ನೂ ಹಾಕಿಸಿದರು ಎಂದರೆ ನೀವೇ ತಿಳಿಯಿರಿ. ಹಳ್ಳಿಯ ಹುಡುಗ ಹುಡುಗಿಯರ ಕೈಗೆ ಪುಸ್ತಕ ಹೋಗುತ್ತದೆ, ಗೈಡು ಉರು ಹೊಡೆಯುವುದು ನಿಲ್ಲುತ್ತದೆ ಎಂದು ಶನಿವಾರ ನಮ್ಮೆದುರು ಎರಡೆರಡು ಸಲ ಹೇಳಿದರು.

ಸಮಿತಿ ಬರಲು ಹತ್ತು ದಿನವಿತ್ತು. ಒಂದು ಮಧ್ಯಾಹ್ನ ನಮ್ಮವ್ವ ಮತ್ತು ಪಕ್ಕದ ಮನೆಯ ಚಾಚಿ ಕಟ್ಟೆಯ ಮೇಲೆ ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದರು. ಆಗ ರಂಜಾನ್ ತಿಂಗಳು, ಚಾಚಿಗೆ ಉಪವಾಸ. ಹಸಿವೆಯಾಗುವುದಿಲ್ಲವೇ ಎಂದು ಅವ್ವ ಕೇಳಿದಳು.

"ಇದೇನ ಹಸಿವಿರಿ ವೈನೀ," ಎಂದರು ಚಾಚಿ. "ನಾ ಸೊಸಿ ಆಗಿ ಬಂದ ವರ್ಷ ರೋಜಾ ಕಡು ಬ್ಯಾಸಿಗ್ಯಾಗ ಇದ್ವು. ಹಗಲು ಮುಗೀತಿದ್ದಿಲ್ಲ, ನಾಲಿಗಿ ಅಂಗುಳಕ್ಕ ಹತ್ತತಿತ್ತು. ವರ್ಷಾ ಹತ್ತ ಹನ್ನೊಂದ ದಿನ ಹಿಂದ ಸರಕೋತ ಸರಕೋತ ಈಗ ಥಂಡ್ಯಾಗ ಬಂದಾವು."

ನಮ್ಮವ್ವ ಅದಕ್ಕೆ, ನಮ್ಮಲ್ಲಿ ನಡುನಡುವೆ ಅಧಿಕಮಾಸ ಬಂದು ಸರಿದೂಗಿಸುತ್ತದೆ, ಇಲ್ಲದಿದ್ದರೆ ನಮ್ಮ ದೀಪಾವಳಿಯೂ ಬೇಸಿಗೆಗೆ ಹೋಗಿ ಕೂಡುತ್ತಿತ್ತು ಎಂದಳು. ಇಬ್ಬರೂ ಸೊಪ್ಪು ಸೋಸುವುದನ್ನು ಮುಂದುವರಿಸಿದರು. ನಾನು ಮಾತ್ರ ಎದ್ದು ಒಳಗೆ ಹೋಗಿ ಸರ್ ಪುಸ್ತಕ ತೆಗೆದೆ.

ಹಿಜರಿಯ ವರ್ಷ ನಮ್ಮ ವರ್ಷಕ್ಕಿಂತ ಹನ್ನೊಂದು ದಿನ ಸಣ್ಣದು. ಹಿಜರಿ ಶುರುವಾದದ್ದು ಇಸವಿ ಆರುನೂರಾ ಇಪ್ಪತ್ತೆರಡರಲ್ಲಿ. ಸರ್ ಬಾವಿಯ ಕಲ್ಲಿನ ವರ್ಷಕ್ಕೆ ಆ ಆರುನೂರಾ ಇಪ್ಪತ್ತೆರಡನ್ನು ಸೀದಾ ಕೂಡಿಸಿದ್ದರು. ಕಲ್ಲಿನ ವರ್ಷ ಸಾವಿರದ ಹತ್ತಿರದ್ದು. ಸಾವಿರ ವರ್ಷಕ್ಕೆ ಹನ್ನೊಂದು ದಿನದಂತೆ ಹನ್ನೊಂದು ಸಾವಿರ ದಿನ. ಅಂದರೆ ಮೂವತ್ತು ವರ್ಷ. ಬಾವಿ ಬರದ ನಂತರದ್ದಲ್ಲ. ಬರ ಬೀಳುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲೇ ಅಲ್ಲಿ ಬಾವಿ ಇತ್ತು. ಬರ ಆ ಬಾವಿಯನ್ನು ತೋಡಿಸಿಯೇ ಇರಲಿಲ್ಲ.

ನಂಬಲಿಲ್ಲ ನಾನು. ಮರುದಿನ ಲೈಬ್ರರಿಗೆ ಹೋಗಿ ಕಾಲಗಣನೆಯ ಕೋಷ್ಟಕ ತೆಗೆದು ನೋಡಿದೆ. ಚಾಚಿಯ ಲೆಕ್ಕವೇ ಖರೆ. ಸರ್ ತಮ್ಮ ಪ್ರಬಂಧದ ಕೆಳಗೆ ಆಧಾರವೆಂದು ಕೊಟ್ಟಿದ್ದ ಹಳೆಯ ಪುಸ್ತಕವನ್ನೂ ಹುಡುಕಿದೆ. ಅದರಲ್ಲಿ ಇದೇ ಇಸವಿ ಇತ್ತು. ಅದನ್ನು ಬರೆದವನು ಎಲ್ಲಿ ನೋಡಿದ ಎಂದು ಜೀವಮಾನದಲ್ಲಿ ಒಂದು ಸಲ, ಒಂದೇ ಸಲ, ಸರ್ ಕೇಳಿರಲಿಲ್ಲ.

ಈಗ ನಾನೇನು ಮಾಡಬೇಕು? ಶನಿವಾರ ಎಲ್ಲರೆದುರು ಹೇಳುವ ಧೈರ್ಯವಿಲ್ಲ. ಸುಮ್ಮನಿದ್ದರೆ ಅವರೇ ಕಲಿಸಿದ್ದಕ್ಕೆ ದ್ರೋಹ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಅವ್ವ ಮಾತುಮಾತಿಗೆ ಹೇಳುವುದು ಬೇರೆ ನೆನಪಾಯಿತು. ಎರಡು ದಿನ ಹೀಗೇ ಕಳೆದೆ. ಕೊನೆಗೆ ಒಂದು ಚೀಟಿಯ ಮೇಲೆ ಲೆಕ್ಕ ಬರೆದು, ಬೆನ್ನಿಗೆ ಹೇಗೆ ಪರೀಕ್ಷಿಸಿದೆ ಎಂದು ಬರೆದು, ಕೆಳಗೆ ಹೆಸರು ಹಾಕಿ, ಅವರ ಪುಸ್ತಕದಲ್ಲಿ ಆ ಪುಟಕ್ಕಿಟ್ಟು ಸ್ಟಾಫ್ ರೂಮಿನ ಅವರ ಮೇಜಿನ ಮೇಲೆ ಬಿಟ್ಟು ಕಳ್ಳಿಯಂತೆ ಓಡಿಬಂದೆ.

ಮರುದಿನ ಸರ್ ಎಂದಿನಂತೆ ತಾಸು ತೆಗೆದುಕೊಂಡರು. ಆ ಶನಿವಾರ ಲೈಬ್ರರಿಗೆ ಬರಲೇ ಇಲ್ಲ. ಬಬಲೇಶ್ವರದ ಬಸ್ಸು ಹತ್ತುವುದನ್ನು ಯಾರೋ ನೋಡಿದರಂತೆ. ಬಾವಿಯ ಹತ್ತಿರ ಹೋಗಿದ್ದಾರೆ ಎಂದು ನನಗೊಬ್ಬಳಿಗೇ ಗೊತ್ತು.

ಸಮಿತಿಯವರು ಬಂದ ದಿನ ಲೈಬ್ರರಿ ತುಂಬ ಜನ. ಪ್ರಿನ್ಸಿಪಾಲರು ಮುಂದೆ, ನಾವೆಲ್ಲ ಗೋಡೆಗೆ ಒತ್ತಿಕೊಂಡು ಹಿಂದೆ. ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಸರ್ ಹೊಸ ಅಂಗಿಯಲ್ಲಿ ಎದ್ದು ನಿಂತು, ಮೊದಲನೆಯ ಪ್ರಬಂಧವೇ ತಪ್ಪು, ಮೂವತ್ತು ವರ್ಷದ ತಪ್ಪು ಎಂದರು. ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು. ಶಕವರ್ಷಕ್ಕೆ ಎಪ್ಪತ್ತೆಂಟು ಕೂಡಿಸಿ ಕೂಡಿಸಿ ನನಗೆ ಕೈ ರೂಢಿಯಾಗಿತ್ತು, ಅದೇ ಕೈ ಹಿಜರಿಗೂ ಓಡಿತು, ಅಚ್ಚಾದ ಪುಸ್ತಕದಲ್ಲಿ ಅದೇ ಉತ್ತರ ಕಂಡಿತು, ಅಲ್ಲಿಗೆ ನಂಬಿಬಿಟ್ಟೆ ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದರು. ಆಮೇಲೆ ನನ್ನ ಹೆಸರು ಹಿಡಿದು ಕರೆದರು.

"ಬಾ ಯವ್ವಾ. ಬೋರ್ಡಿನ ಮ್ಯಾಲೆ ಲೆಕ್ಕಾ ಮಾಡಿ ತೋರಸು."

ಎದ್ದು ಬೋರ್ಡಿನ ಹತ್ತಿರ ಹೋದೆ. ಸೀಮೆಸುಣ್ಣ ತೆಗೆದುಕೊಂಡು ಚಾಚಿಯ ಹನ್ನೊಂದು ದಿನದಿಂದ ಶುರು ಮಾಡಿದೆ. ಹನ್ನೊಂದು ಸಾವಿರ ದಿನವನ್ನು ಮುನ್ನೂರಾ ಅರವತ್ತೈದರಿಂದ ಭಾಗಿಸುವಾಗ ಗಾಬರಿಗೆ ಮಗ್ಗಿಯೇ ಮರೆಯಿತು. ಸರ್ ಕಾಯುತ್ತ ನಿಂತರು, ಹೇಳಿಕೊಡಲಿಲ್ಲ. ಕೊನೆಗೆ ಮೂವತ್ತು ಬಂತು.

ಸಮಿತಿಯ ಹಿರಿಯರು ಒಳ್ಳೆಯವರೇ. ಇದು ಸಣ್ಣದು, ಅಚ್ಚಾಗುವಾಗ ತಿದ್ದಿಕೊಂಡರಾಯಿತು, ಇವತ್ತೇ ಹೇಳುವ ಗರಜು ಏನಿತ್ತು ಎಂದರು.

"ಮೂವತ್ತು ವರ್ಷ ಸಣ್ಣದಲ್ರಿ," ಎಂದರು ಸರ್. "ಮೂವತ್ತು ವರ್ಷದಾಗ ಒಬ್ಬ ಮನಿಷ್ಯಾ ಹುಟ್ಟಿ, ಮದಿವ್ಯಾಗಿ, ಮಕ್ಕಳನ್ನ ಸಾಲಿಗೆ ಹಾಕ್ತಾನ. ಅಲ್ರಿ, ಬಾವಿ ಇದ್ದೂ ಆ ಊರ ಮಂದಿ ಯಾಕ ಊರ ಬಿಟ್ರು? ಇಷ್ಟ ದಿನಾ ನನ್ನ ಕಡೆ ಉತ್ತರ ಇತ್ತು, ತಪ್ಪ ಉತ್ತರ. ಈಗ ಛಲೋ ಪ್ರಶ್ನಿ ಸಿಕ್ಕೈತಿ."

ಮೊದಲನೆಯ ಪ್ರಬಂಧದ ಇಡೀ ವಾದವೇ ಬಿದ್ದುಹೋಗಿತ್ತಲ್ಲ, ಪರಿಷ್ಕರಿಸಿ ಕಳಿಸಿ ಎಂದು ಬರೆದು ಸಮಿತಿ ಹೋಯಿತು. ಸರ್ ಆ ಪ್ರಬಂಧವನ್ನು ಮತ್ತೆ ಬರೆದರು. ಅಷ್ಟರಲ್ಲಿ ಪಠ್ಯಕ್ರಮ ಬದಲಾಗಿ, ಹೊಸ ಸಮಿತಿ ಬಂದು, ಅವರ ಪುಸ್ತಕವನ್ನು ಮತ್ತೆ ಯಾರೂ ಕೇಳಲಿಲ್ಲ.

ಅಂದಿನ ಸಂಜೆಯೇ ಗೆಳತಿಯರು ನನ್ನನ್ನು ಬೇರೆ ರೀತಿ ನೋಡತೊಡಗಿದ್ದರು. ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದಳು ಒಬ್ಬಳು. ಪ್ರಿನ್ಸಿಪಾಲರೂ ಕರೆದು ಹೆಚ್ಚುಕಡಿಮೆ ಅದನ್ನೇ ಅಂದರು. ಆಮೇಲೆ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಸರ್ ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ, ಅಂಟಿನ ಡಬ್ಬಿ ಹಿಡಿದುಕೊಂಡು, ತಾವು ಪುಸ್ತಕ ಕೊಟ್ಟ ಒಂದೊಂದು ಊರಿಗೂ ಹೋಗಿ ಪ್ರತಿಗಳಿಗೆ ಅಂಟಿಸಿ ಬರುತ್ತಿದ್ದಾರೆ ಎಂದು. ಈ ವಯಸ್ಸಿನಲ್ಲಿ ಊರೂರು ತಿರುಗಿ, ನಾನು ತಪ್ಪು ಮಾಡಿದ್ದೇನೆ ಎಂದು ತಾವೇ ಡಂಗುರ ಸಾರಿಕೊಳ್ಳುವ ಪಾಡು ಅವರಿಗೆ ತಂದಿಟ್ಟೆನಲ್ಲ ಎಂದು ಅತ್ತೆ. ಆ ಚೀಟಿಯಲ್ಲಿ ಏನಿದೆ ಎಂದು ನೋಡಲಿಕ್ಕೂ ಹೋಗಲಿಲ್ಲ.

ಮುಂದೆ ಧಾರವಾಡಕ್ಕೆ ಎಂ.ಎ. ಓದಲು ಹೋದೆ. ಮದುವೆಯಾಗಿ ವಿಜಯಪುರಕ್ಕೇ ಬಂದೆ, ಊರಿನ ಇನ್ನೊಂದು ತುದಿಗೆ. ಟಿಕೋಟಾದಲ್ಲಿ ನೌಕರಿ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಸರ್ ಎದುರಾದಾಗಲೆಲ್ಲ "ಏನ ಓದಾಕತ್ತೀ?" ಎಂದು ಕೇಳುತ್ತಿದ್ದರು, ಮನೆಗೆ ಬಾ ಎನ್ನುತ್ತಿದ್ದರು. ಹೂಂ ಎನ್ನುತ್ತಿದ್ದೆ, ಹೋಗುತ್ತಿರಲಿಲ್ಲ. ತವರಿಗೆ ಬಂದರೆ ಮೂರು ಓಣಿ ದಾಟುವುದು ನನ್ನಿಂದ ಆಗುತ್ತಿರಲಿಲ್ಲ. ಅವರ ಮನೆಯವರಿಗೆ ಯಾವ ಮುಖ ತೋರಿಸಲಿ? ಒಬ್ಬ ಮನುಷ್ಯ ಆಯುಷ್ಯದಲ್ಲಿ ಬಯಸಿದ್ದು ಒಂದು, ಅದು ನನ್ನ ಕೈಯಿಂದ ಹೋಯಿತು.

ಹೋದ ತಿಂಗಳು ಸರ್ ತೀರಿಕೊಂಡ ಮೂರನೆಯ ದಿನ ಮಾತಾಡಿಸಿಕೊಂಡು ಬರಲು ಹೋದೆ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಪಡಸಾಲೆಯ ತುಂಬ ಜಮಖಾನೆ ಹಾಸಿ ನಿಡೋಣಿಯ ಬಳಗ ಕುಳಿತಿತ್ತು. ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲೇ ಸರಿದು ಕುಳಿತೆ. ಸರ್ ಮನೆಯವರು ಸೋತ ಕಣ್ಣಿನಿಂದ ನನ್ನನ್ನು ನೋಡಿ, ಗುರುತು ಹತ್ತಲಿಲ್ಲ, ಯಾರವ್ವಾ ಎಂದರು. ಸರ್ ಹತ್ತಿರ ಕಲಿತವಳು ಎಂದು ಹೆಸರು ಹೇಳಿದೆ.

ಪಡಸಾಲೆಯ ಮಂದಿಯೆಲ್ಲ ನನ್ನ ಕಡೆ ತಿರುಗಿದರು. ಮೂಲೆಯಲ್ಲಿ ತಲೆಗೆ ಪಟಗಾ ಸುತ್ತಿಕೊಂಡು ಕುಳಿತಿದ್ದ ಸರ್ ಅವರ ತಮ್ಮ, ನಿಡೋಣಿಯಲ್ಲಿ ಹೊಲ ಮಾಡಿಕೊಂಡಿರುವವರು, ಕೈಯೂರಿ ಎದ್ದು ನಿಂತರು.

"ಮೂವತ್ತ ವರ್ಷದ ತಪ್ಪ ಹಿಡದಾಕಿ ನೀನ ಏನವ್ವಾ?"

ಹೌದೆಂದು ತಲೆ ಆಡಿಸಿದೆ. ಬೈಯಲಿ, ಬೈಸಿಕೊಳ್ಳಬೇಕಾದ್ದೇ ಎಂದು ಕಾದೆ. ಅವರು ಬಳಗದ ಕಡೆ ತಿರುಗಿ, "ವರ್ಷಕ್ಕ ಹನ್ನೊಂದ ದಿನ, ಸಾವಿರ ವರ್ಷಕ್ಕ ಹನ್ನೊಂದ ಸಾವಿರ ದಿನ" ಎಂದು ಬೆರಳು ಮಡಿಚುತ್ತ ಲೆಕ್ಕ ಹೇಳತೊಡಗಿದರು. ಅವರು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು. ಅಣ್ಣ ಚೀಟಿ ಅಂಟಿಸಲು ಊರೂರು ತಿರುಗುವಾಗ ಮೋಟಾರ್ ಸೈಕಲ್ ಹೊಡೆದವರು ಇವರೇ ಅಂತೆ. ಒಂದೊಂದು ಸಾಲಿಯಲ್ಲೂ ಸರ್ ಮಾಸ್ತರರನ್ನೆಲ್ಲ ಕೂಡಿಸಿಕೊಂಡು, ನನ್ನ ತಪ್ಪನ್ನು ನನ್ನ ವಿದ್ಯಾರ್ಥಿನಿ ಹಿಡಿದಳು ಎಂದು ನಕ್ಕು ನಕ್ಕು ಹೇಳುತ್ತಿದ್ದರಂತೆ. ಚೀಟಿ ಅಂಟಿಸಲು ಎರಡು ನಿಮಿಷ, ಕಥೆ ಹೇಳಲು ಎರಡು ತಾಸು, ಅಷ್ಟರಲ್ಲಿ ನಾಲ್ಕು ಕಪ್ಪು ಚಹಾ ಎಂದರು. ಮದುವೆಯೋ ಸೀಮಂತವೋ, ಹೊಸ ಬೀಗರು ಸಿಕ್ಕರೆ ಸಾಕು, ಅದೇ ಕಥೆ. ಜಮಖಾನೆಯ ಮೇಲಿದ್ದ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಎಲ್ಲರಿಗೂ ನಾನು ಗೊತ್ತಿದ್ದೆ. ಒಬ್ಬರೂ ನೋಡಿರಲಿಲ್ಲ, ಅಷ್ಟೇ.

ಸರ್ ಮನೆಯವರು ಒಳಗೆ ಹೋಗಿ ಪುಸ್ತಕದ ಒಂದು ಪ್ರತಿ ತಂದು ನನ್ನ ಕೈಗಿಟ್ಟರು. ಮೊದಲನೆಯ ಪ್ರಬಂಧಕ್ಕೆ ಚೀಟಿ ಅಂಟಿಸಿತ್ತು. 'ಈ ಪ್ರಬಂಧದ ಕಾಲಗಣನೆ ತಪ್ಪು. ಬಾವಿಯು ಇಲ್ಲಿ ಹೇಳಿದ್ದಕ್ಕಿಂತ ಮೂವತ್ತು ವರ್ಷ ಹಳೆಯದು. ತಿದ್ದಿದವರು' ಎಂದು, ಅದರ ಮುಂದೆ ನನ್ನ ಹೆಸರು, ಬಿ.ಎ. ಎರಡನೆಯ ವರ್ಷ. ಪುಸ್ತಕದ ಹೊದಿಕೆಯ ಮೇಲೆ ಅವರ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿತ್ತೋ ಚೀಟಿಯಲ್ಲಿ ನನ್ನದೂ ಅಷ್ಟೇ ದಪ್ಪವಿತ್ತು.

"ಓದಾವರು ಬೇಕಾದಷ್ಟ ಮಂದಿ ಸಿಕ್ಕರು, ತಿದ್ದಾವರು ಒಬ್ಬಾಕೀನ ಸಿಕ್ಕಳು ಅಂತಿದ್ರವಾ," ಎಂದರು ಸರ್ ಮನೆಯವರು. "ಆಕಿ ನಮ್ಮನಿಗೆ ಯಾಕ ಬರೂದಿಲ್ಲ ಅಂತ ನಾ ಕೇಳಿದ್ರ, ಓದಾಕತ್ತಿರಬೇಕು ಬಿಡು ಅಂತಿದ್ರು. ನೀ ಯಾಕ ಬರಲಿಲ್ಲವಾ?"

ಹೆದರಿದ್ದೆ ಎಂದೆ. ಅಷ್ಟು ವರ್ಷದ್ದು ಆ ಒಂದೇ ಶಬ್ದ ಬಾಯಿಗೆ ಬಂತು. ಆಮೇಲೆ ತಡೆಯಲಾಗದೆ ಗಟ್ಟಿಯಾಗಿ ಅತ್ತೆ, ಅವರೂ ಅತ್ತರು.

ಅಷ್ಟರಲ್ಲಿ ಬಬಲೇಶ್ವರದಿಂದ ಯಾರೋ ಬೀಗರು ಬಂದರು. ಸರ್ ಅವರ ತಮ್ಮ ನನ್ನನ್ನು ಬಾಗಿಲ ಹತ್ತಿರದಿಂದ ಎಬ್ಬಿಸಿ, ಸರ್ ಮಗಳ ಪಕ್ಕದಲ್ಲಿ ಜಾಗ ಮಾಡಿ ಕೂಡಿಸಿದರು. ಬಂದವರಿಗೆ ಮೊದಲು ಮಗಳನ್ನು ತೋರಿಸಿದರು. ಆಮೇಲೆ ನನ್ನನ್ನು ತೋರಿಸಿ, "ಈಕಿ ನಮ್ಮಣ್ಣನ ತಪ್ಪ ಹಿಡದಾಕಿ" ಎಂದರು. ಸಂಜೆಯವರೆಗೆ ಬಂದವರಿಗೆಲ್ಲ ಹಾಗೆಯೇ ಹೇಳಿದರು. ನಾನು ಒಮ್ಮೆಯೂ ತಲೆ ತಗ್ಗಿಸಲಿಲ್ಲ.